ಧೂಳಿಗೆ ಕುಡಿಸಿದ ಬ್ಯಾಳಿ ಬಾವಿ

ರಸ್ತೆ ಅಗಲೀಕರಣ ಯೋಜನೆಯ ಮಾನ್ಯ ಪರಿಸರಾಧಿಕಾರಿಗಳೇ,

ನಮ್ಮೂರ ಕುಡಿಯುವ ನೀರಿನ ಬಾವಿಯನ್ನು ನೀವು ರಸ್ತೆಯ ಧೂಳಿಗೆ ಕುಡಿಸಿ ಮುಗಿಸುತ್ತಿದ್ದೀರಿ. ಕುಶಲೋಪರಿ ಆಮೇಲೆ ಮಾಡೋಣ. ನಿಮ್ಮ ಕಚೇರಿಯಲ್ಲಿ ಪತ್ರದ ಮೊದಲ ಸಾಲಿನಾಚೆಗೆ ಓದುವ ಪದ್ಧತಿ ಇದೆಯೋ ಇಲ್ಲವೋ ಗೊತ್ತಿಲ್ಲದ ಕಾರಣ ವಿಷಯವನ್ನು ಮೊದಲೇ ಹೇಳಿಬಿಟ್ಟೆ. ಇದಕ್ಕೂ ಹಿಂದೆ ಬರೆದಾಗ "ತಮ್ಮ ಕಾಳಜಿಗೆ ಧನ್ಯವಾದಗಳು" ಎಂಬ ಉತ್ತರ ಬಂದಿತ್ತು. ನಾನು ಕಳಿಸಿದ್ದು ಕಾಳಜಿಯಲ್ಲ, ತಕರಾರು. ಅದು ದಾರಿಯಲ್ಲಿ ಎಲ್ಲಿ ಕಾಳಜಿಯಾಯಿತೋ ನಾನರಿಯೆ. ಹಾಗಾಗಿ ಈ ಸಲ ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ನಾನು ಗುರುದೇವಿ. ಮಳಖೇಡ ದಾಟಿ ಸೇಡಂ ಕಡೆಗೆ ಬರುವಾಗ, ಕಾಗಿಣಾ ನದಿಯ ದಂಡೆಯಿಂದ ಕೂಗಳತೆಯಲ್ಲಿರುವ ಊರಿನಲ್ಲಿ ಖಾನಾವಳಿ ನಡೆಸುತ್ತೇನೆ. ಊರಿನ ಹೆಸರು ಬರೆದು ಪ್ರಯೋಜನವಿಲ್ಲ. ನಿಮ್ಮ ನಕ್ಷೆಯಲ್ಲಿ ನಮಗೆ ಹೆಸರಿಲ್ಲ, ಒಂದು ಕಿಲೋಮೀಟರ್ ಸಂಖ್ಯೆ ಮಾತ್ರ ಇದೆಯಂತೆ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುವ ಕಾರ್ಮಿಕರು, ಚಿಂಚೋಳಿ ಬಸ್ಸಿನ ಕಂಡಕ್ಟರುಗಳು, ಈಗ ಎರಡು ವರ್ಷದಿಂದ ನಿಮ್ಮ ಯೋಜನೆಯ ಎಂಜಿನಿಯರುಗಳು, ಎಲ್ಲರೂ ನನ್ನಲ್ಲೇ ಉಂಡವರು. ಆದ್ದರಿಂದ ನಿಮ್ಮ ಭಾಷೆ ನನಗೆ ಅಷ್ಟಿಷ್ಟು ಬರುತ್ತದೆ. ರೊಟ್ಟಿ ಬಡಿಸುವಾಗ "ದುಷ್ಪರಿಣಾಮ ತಗ್ಗಿಸುವ ಕ್ರಮ" ಕಲಿತೆ, ಶೇಂಗಾ ಹಿಂಡಿ ಚಟ್ನಿ ಹಾಕುವಾಗ "ಇಂಗಾಲದ ಹೆಜ್ಜೆಗುರುತು" ಕಲಿತೆ. ಮಜ್ಜಿಗೆ ಹೊತ್ತಿಗೆ ಅವರಿಗೆ ನಿದ್ದೆ ಬರುತ್ತಿದ್ದುದರಿಂದ ನನ್ನ ವಿದ್ಯಾಭ್ಯಾಸ ಅಲ್ಲಿಗೇ ನಿಂತಿದೆ.

ನಮ್ಮ ಊರ ಬಾಗಿಲಲ್ಲಿ ನೀವು ನಿಲ್ಲಿಸಿದ ಫಲಕವನ್ನು ನಾನು ದಿನಾ ನೋಡುತ್ತೇನೆ. "ಪರಿಸರಸ್ನೇಹಿ ಕಾಮಗಾರಿ: ನಿಸರ್ಗಕ್ಕೆ ಕನಿಷ್ಠ ಹಾನಿ" ಎಂದು ಬರೆದು ಪಕ್ಕದಲ್ಲಿ ದೊಡ್ಡದೊಂದು ಹಸಿರು ಎಲೆ ಬಿಡಿಸಿದ್ದೀರಿ. ಯಾವ ಗಿಡದ ಎಲೆಯೋ ಊರಲ್ಲಿ ಯಾರಿಗೂ ಗುರುತು ಸಿಗಲಿಲ್ಲ. ಫಲಕ ನೆಡುವುದಕ್ಕೆ ಅಡ್ಡ ಬಂತೆಂದು ಒಂದು ಬೇವಿನ ಮರ ಕಡಿದರಲ್ಲ, ಅದರದ್ದಂತೂ ಅಲ್ಲ. ಆ ಎಲೆಯ ಮೇಲೆ ಧೂಳು ಕೂತರೆ ನಿಮ್ಮವರು ಟ್ಯಾಂಕರ್ ನಿಲ್ಲಿಸಿ ಅದಕ್ಕೂ ನೀರು ಹೊಡೆಯುತ್ತಾರೆ. ಹೊಡೆಯುವ ನೀರು ನಮ್ಮ ಬಾವಿಯದು. ಹೀಗೆ ಇಡೀ ಊರಿನಲ್ಲಿ ಹೊತ್ತು ತಪ್ಪದೆ ನೀರು ಕಾಣುವ ಗಿಡ ಅದೊಂದೇ.

ಧೂಳಿನ ವಿಚಾರದಲ್ಲಿ ನಾವು ಅಳುಬುರುಕರಲ್ಲ ಸ್ವಾಮಿ. ವಾಡಿ, ಶಹಾಬಾದ, ಚಿತ್ತಾಪುರದ ಕಡೆಯವರಿಗೆ ಧೂಳಿನ ಪಾಠ ಯಾರೂ ಹೇಳಬೇಕಾಗಿಲ್ಲ. ನಮ್ಮದು ಸುಣ್ಣಕಲ್ಲಿನ ಸೀಮೆ. ಇಲ್ಲಿ ನೆಲ ಅಗೆದರೆ ಫರ್ಸಿಕಲ್ಲು, ಫರ್ಸಿ ಒಡೆದರೆ ಪುಡಿ, ಪುಡಿ ಹಾರಿದರೆ ನಮ್ಮ ಮೂಗು. ಬಿಳಿ ಅಂಗಿಯವನೂ ಕರಿ ಅಂಗಿಯವನೂ ಸಂಜೆಗೆ ಒಂದೇ ಬಣ್ಣದಲ್ಲಿ ಮನೆಗೆ ಬರುತ್ತಾರೆ. ಆದರೆ ನಿಮ್ಮ ಟಿಪ್ಪರುಗಳು ಓಡಾಡಲು ಶುರುವಾದ ಮೇಲೆ ಎದ್ದ ಧೂಳು ಈ ಲೆಕ್ಕಕ್ಕೂ ಮೀರಿತ್ತು. ತೊಗರಿ ಹೂ ಬಿಡುವ ಕಾಲ. ಹೂವಿನ ಮೇಲೆ ಧೂಳು ಕೂತು, ಹೊಲ ಹೊಲವೇ ಬೂದಿ ಬಳಿದುಕೊಂಡಂತೆ ಕಂಡಿತು. ಖಾನಾವಳಿಯಲ್ಲಿ ನಾನು ರೊಟ್ಟಿಯ ಬುಟ್ಟಿಗೆ ಎರಡು ಬಟ್ಟೆ ಮುಚ್ಚಿದರೂ ಹಲ್ಲಿಗೆ ಕರಕರ ಸಿಗುತ್ತಿತ್ತು. ಆಗ ಊರವರೆಲ್ಲ ಸೇರಿ ತಕರಾರು ಕೊಟ್ಟೆವು. ಮುಂದೆ ನಿಂತು ಮಾತಾಡಿದವಳು ನಾನೇ.

ನೀವು ಬಂದಿರಿ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಅಹವಾಲು ಸಭೆ ಮಾಡಿದಿರಿ. ಎಂಥ ಚಂದದ ಮಾತು ನಿಮ್ಮದು! ನಿರ್ಮಾಣ ಕಾಮಗಾರಿಗಳು ಭೂಮಿಯನ್ನು ಹೇಗೆ ನೋಯಿಸುತ್ತವೆ, ಆ ನೋವನ್ನು ಕಡಿಮೆ ಮಾಡುವುದೇ ಈ ಕಾಲದ ಧರ್ಮ ಯಾಕೆ, ಎಲ್ಲವನ್ನೂ ಬಿಡಿಸಿ ಹೇಳಿದಿರಿ. ನಮ್ಮ ಕಣ್ಣಲ್ಲಿ ನೀರು ಬಂತು, ಅರ್ಧ ನಿಮ್ಮ ಮಾತಿಗೆ, ಅರ್ಧ ಧೂಳಿಗೆ. ಕೊನೆಗೆ "ನಾಳೆಯಿಂದಲೇ ಧೂಳಿಗೆ ನೀರು ಹೊಡೆಸುತ್ತೇವೆ" ಎಂದಿರಿ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅಷ್ಟು ಜನ ಕೂತಿದ್ದೆವಲ್ಲ, "ಸಾಹೇಬರ, ನೀರು ಎಲ್ಲಿಂದ ತರ್ತೀರಿ?" ಎಂಬ ಒಂದು ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ.

ಮರುದಿನ ಟ್ಯಾಂಕರ್ ಬಂತು. ಇಲ್ಲಿ ನೀವು ಸ್ವಲ್ಪ ನಗಬಹುದು, ನಾವೂ ಆಮೇಲೆ ನಕ್ಕಿದ್ದೇವೆ. ನಮ್ಮ ಸೀಮೆಯಲ್ಲಿ ಟ್ಯಾಂಕರ್ ಬಂತು ಎಂದರೆ ನೀರು ಬಂತು ಎಂದೇ ಅರ್ಥ. ಬೇರೆ ಅರ್ಥ ಇರಬಹುದೆಂದು ಕನಸಿನಲ್ಲೂ ಯಾರೂ ಎಣಿಸಿರಲಿಲ್ಲ. ಟ್ಯಾಂಕರ್ ಊರೊಳಗೆ ತಿರುಗಿದ್ದೇ ತಡ, ಹೆಂಗಸರೆಲ್ಲ ಕೊಡ ಹಿಡಿದು ಸಾಲು ನಿಂತರು. ಸಭೆಯಲ್ಲಿ ಕೇಳದೆಯೇ ಸಾಹೇಬರು ಕುಡಿಯುವ ನೀರನ್ನೂ ಕಳಿಸಿದರಲ್ಲ ಎಂದು ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಖಾನಾವಳಿಯಲ್ಲಿ ರೊಟ್ಟಿ ಮಾಡುವ ಬಸ್ಸಮ್ಮ, ಕಾಗಿಣಾ ದಂಡೆಯ ಹಳೆಯ ಮನೆತನದವಳು, ಅಕ್ಕರೆ ಹೆಚ್ಚಾಗಿ ಟ್ಯಾಂಕರಿನ ಮೂತಿಗೆ ಕುಂಕುಮ ಹಚ್ಚಿ, ಗಾಲಿಗೆ ಕಾಯಿ ಒಡೆದಳು. ಚಾಲಕ ಶಹಾಬುದ್ದೀನ ವಾಡಿಯ ಹುಡುಗ. ಕೆಳಗಿಳಿದು, ಕೊಡಗಳ ಸಾಲು ನೋಡಿ, ತಲೆ ಕೆರೆದುಕೊಂಡು ನಿಂತ.

"ಮಾಫ್ ಮಾಡ್ರಿ ಅಕ್ಕಾ. ಇದು ಕೊಡ್ಲಿಕ್ಕ ಬಂದಿದ್ದಲ್ರಿ, ಒಯ್ಲಿಕ್ಕ ಬಂದದ" ಎಂದ.

"ಎಲ್ಲಿಂದ ಒಯ್ತಿಯಪಾ?" ಎಂದಳು ಬಸ್ಸಮ್ಮ.

ಅವನು ದಪ್ಪ ಪೈಪನ್ನು ಹೆಗಲ ಮೇಲೆ ಹಾಕಿಕೊಂಡು, ಸಾಲಿನ ನಡುವೆಯೇ ದಾರಿ ಮಾಡಿಕೊಂಡು ಹೋಗಿ, ಬಾವಿಗೆ ಇಳಿಬಿಟ್ಟ. ಪಂಪು ಹೊಡೆದುಕೊಳ್ಳತೊಡಗಿದಾಗ ಬಸ್ಸಮ್ಮ ಒಡೆದ ಕಾಯಿಯ ಹೋಳುಗಳನ್ನು ಆರಿಸಿ ಉಡಿಗೆ ಹಾಕಿಕೊಂಡಳು. "ಕಾಯಿ ಹ್ವಾದ್ರ ಹೋಗ್ಲಿ, ಕುಂಕುಮ ವಾಪಸ್ ತಗೊಳಾಕ ಬರಂಗಿಲ್ಲಲ್ಲ" ಎಂದು ಅವಳು ಅಂದದ್ದು ಈಗಲೂ ಊರಲ್ಲಿ ನಗೆಯ ಮಾತು.

ಇನ್ನು ಆ ಬಾವಿಯ ವಿಷಯ. ನಿಮ್ಮ ಕಾಗದಗಳಲ್ಲಿ ಅದು "ತೆರೆದ ಬಾವಿ". ನಮ್ಮಲ್ಲಿ ಅದಕ್ಕೆ ಬ್ಯಾಳಿ ಬಾವಿ ಎನ್ನುತ್ತಾರೆ, ಅಂದರೆ ಬೇಳೆ ಬೇಯುವ ಬಾವಿ. ಸುಣ್ಣಕಲ್ಲಿನ ನೆಲದಲ್ಲಿ ಎಲ್ಲಿ ಕೊರೆದರೂ ಸವುಳು ನೀರು. ಕೊಳವೆಬಾವಿಯದೂ ಸವುಳು, ಅದರಿಂದ ಬರುವ ನಲ್ಲಿಯದೂ ಸವುಳು. ಊರಿಗೆ ಕೊಟ್ಟ ಶುದ್ಧ ನೀರಿನ ಘಟಕ ಆ ನೀರು ಕುಡಿದೂ ಕುಡಿದೂ ಒಳಗೆಲ್ಲ ಸುಣ್ಣ ಕಟ್ಟಿಕೊಂಡು ಬೀಗ ಹಾಕಿಸಿಕೊಂಡಿದೆ. ಆ ನೀರಿನಲ್ಲಿ ತೊಗರಿ ಬೇಳೆ ಬೇಯುವುದಿಲ್ಲ. ಕುದಿಯುತ್ತದೆ, ಕುಣಿಯುತ್ತದೆ, ಮೆತ್ತಗಾಗುವುದಿಲ್ಲ. ಕುಕ್ಕರ್ ಇಡಿ ಎಂದೀರಿ. ಇಟ್ಟು ನೋಡಿದ್ದೇನೆ; ಸೀಟಿಗೆ ಬರವಿಲ್ಲ, ಬೇಳೆ ಮಾತ್ರ ಕಾಳುಕಾಳು. ಸೋಡಾ ಹಾಕಿದರೆ ಬೇಯುತ್ತದೆ, ರುಚಿ ಸಾಯುತ್ತದೆ, ಉಂಡವನ ಹೊಟ್ಟೆ ಉಬ್ಬುತ್ತದೆ. ತೊಗರಿ ಬೆಳೆದು ಊರೂರಿಗೆ ಕಳಿಸುವ ನಾವು ನಮ್ಮ ಬೇಳೆಯನ್ನು ನಾವೇ ಬೇಯಿಸಿಕೊಳ್ಳಬೇಕಾದರೆ ಇರುವುದು ಈ ಒಂದು ಬಾವಿಯ ಸಿಹಿ ನೀರು.

ನಾನಿದನ್ನು ಕಲಿತದ್ದು ಮದುವೆಯಾಗಿ ಬಂದ ಹೊಸದರಲ್ಲಿ. ನನ್ನ ತವರು ಚಿಂಚೋಳಿ ತಾಲೂಕಿನ ಐನಾಪುರ. ಅಲ್ಲಿ ನಮ್ಮ ಮನೆಯ ನೀರಲ್ಲಿ ಬೇಳೆ ಹಾಕಿ ಎರಡು ಮಾತಾಡುವುದರೊಳಗೆ ಬೆಂದು ಕೂರುತ್ತಿತ್ತು. ಇಲ್ಲಿ ಬಂದು ಮೊದಲ ದಿನ ಹಿತ್ತಲ ನೀರಲ್ಲಿ ಬೇಳೆ ಇಟ್ಟೆ. ಮಾವ ಹೊಲದಿಂದ ಬಂದರು, ಕೈಕಾಲು ತೊಳೆದರು, ಪೂಜೆ ಮುಗಿಸಿದರು, ಬೇಳೆ ಹಾಗೆಯೇ ಇತ್ತು. ನನಗೆ ಅಳು ಬರುವ ಹಾಗಾಯಿತು. ಅತ್ತೆ ಬಂದು ಗಡಿಗೆಯಲ್ಲಿ ಇಣುಕಿ ನಕ್ಕರು. "ನಿನ್ನ ಕೈಯಾಗ ಏನೂ ತಪ್ಪಿಲ್ಲವ್ವಾ, ನೀರಿಂದ ತಪ್ಪು. ಕೊಡಾ ತಗೊ, ನಡಿ" ಎಂದು ಬಾವಿಗೆ ಕರೆದುಕೊಂಡು ಹೋದರು. ಫರ್ಸಿಯ ಮೆಟ್ಟಿಲು ಇಳಿದು ನೀರಿಗೆ ಕೈ ಹಾಕಿದಾಗ ತಣ್ಣಗೆ ಮೊಣಕೈವರೆಗೆ ಹತ್ತಿತು. ಆ ನೀರಲ್ಲಿ ಬೇಯಿಸಿದ ಬೇಳೆಯ ಮೇಲೆ ನನ್ನ ಸಂಸಾರ ನಿಂತಿತು, ಆಮೇಲೆ ಖಾನಾವಳಿ ನಿಂತಿತು. ನನಗೆ ಆ ಬಾವಿಯ ಮೇಲೆ ಪ್ರೀತಿ ಇದೆ. ಅದನ್ನು ಮುಚ್ಚಿಟ್ಟುಕೊಂಡು ತಟಸ್ಥಳಂತೆ ಬರೆಯಲು ನನಗೆ ಬರುವುದಿಲ್ಲ.

ಇಂಥ ಬಾವಿಯೇ ನಿಮ್ಮ ಧೂಳಿಗೆ ಯಾಕೆ ಬೇಕಾಯಿತು? ಇದನ್ನು ನಿಮ್ಮ ಎಂಜಿನಿಯರನ್ನೇ ಕೇಳಿದೆ. ಅವರ ಹೆಸರು ಬರೆಯುವುದಿಲ್ಲ, ಒಳ್ಳೆಯ ಹುಡುಗ, ನೌಕರಿ ಹೋದೀತು. ಅವರು ಉಣ್ಣುತ್ತಲೇ ತಾಳ್ಮೆಯಿಂದ ತಿಳಿಸಿದರು. ಹೊಳೆಯ ನೀರು ತೆಗೆಯುವಂತಿಲ್ಲ, ಮೀನಿಗೆ ತೊಂದರೆ. ದೂರದಿಂದ ತರುವಂತಿಲ್ಲ, ಡೀಸೆಲ್ ಸುಟ್ಟು ಇಂಗಾಲ ಹೆಚ್ಚುತ್ತದೆ. ಆದ್ದರಿಂದ ರಸ್ತೆಗೆ ಅತ್ಯಂತ ಹತ್ತಿರದ ನೀರಿನ ಮೂಲವನ್ನು ಆರಿಸಿದ್ದಾರೆ. ಅದಕ್ಕಾಗಿ ನಿಮ್ಮ ಯೋಜನೆಗೆ ಮೇಲಿನಿಂದ ಶಹಬ್ಬಾಸ್‌ಗಿರಿಯೂ ಸಿಕ್ಕಿದೆಯಂತೆ. ಮೀನು ಬದುಕಲಿ ಸ್ವಾಮಿ, ನಾನು ಮೀನಿನ ವಿರೋಧಿಯಲ್ಲ. ಆದರೆ ಮೀನನ್ನು ಗಮನಿಸಿದ ಕಣ್ಣು ದಂಡೆಯ ಮೇಲೆ ಕೊಡ ಹಿಡಿದವಳನ್ನು ದಾಟಿಕೊಂಡು ಹೇಗೆ ಹೋಯಿತು?

"ಕುಡಿಯೋ ನೀರಿನ ಬಾವಿ ಅದ ಅಂತ ನಿಮ್ಮ ಸರ್ವೇದವರಿಗಿ ಕಾಣಲಿಲ್ಲೇನ್ರಿ?" ಎಂದು ಕೇಳಿದೆ.

"ಅಕ್ಕೋರೆ, ವರದಿಯೊಳಗ 'ಬಳಕೆಯಲ್ಲಿಲ್ಲದ ಬಾವಿ' ಅಂತ ಅದ. ಸರ್ವೇದವರು ಇಡೀ ದಿನ ಕುಂತು ನೋಡ್ಯಾರ್ರಿ. ಮುಂಜಾನಿಯಿಂದ ಸಂಜಿತನಕ ಒಬ್ಬರೂ ನೀರು ಸೇದಲಿಲ್ಲಂತ. ಹಗ್ಗಾನೂ ಇದ್ದಿದ್ದಿಲ್ಲಂತ. ಬರೀ ಅರಿಶಿನ ಕುಂಕುಮ ಇತ್ತಂತ. ಅದಕ್ಕ 'ಪೂಜೆಗೆ ಮಾತ್ರ' ಅಂತ ಬರದಾರ."

ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಬಸ್ಸಮ್ಮನ ಕೈ ನಿಂತಿತು. "ಅಂವ ಬಂದಿದ್ದು ಅಮಾಸಿ ದಿನ ಇರಬೇಕು ನೋಡ್ರಿ" ಎಂದಳು.

ಎಂಜಿನಿಯರು ಮೊಬೈಲಿನಲ್ಲಿ ತಾರೀಖು ನೋಡಿದರು. ಹೌದು, ಅಮಾವಾಸ್ಯೆ.

ಮಾನ್ಯರೇ, ನಿಮಗೆ ಗೊತ್ತಿರಲಿ ಎಂದು ಹೇಳುತ್ತೇನೆ. ಅಮಾವಾಸ್ಯೆಯ ದಿನ ನಮ್ಮೂರಲ್ಲಿ ಬ್ಯಾಳಿ ಬಾವಿಗೆ ಯಾರೂ ಕೊಡ ಇಳಿಸುವುದಿಲ್ಲ. ಬೇಕಾದ ನೀರನ್ನು ಹಿಂದಿನ ದಿನವೇ ತುಂಬಿಟ್ಟುಕೊಳ್ಳುತ್ತೇವೆ. ಅಂದು ಕಟ್ಟೆ ತೊಳೆದು, ಹಗ್ಗ ಬಿಚ್ಚಿ ಮನೆಗೆ ಒಯ್ದು, ಕುಂಕುಮವಿಟ್ಟು ಬರುತ್ತೇವೆ. ಎತ್ತಿನ ಹೆಗಲ ಮೇಲೆ ನೊಗ ಇಡದ ದಿನ ಬಾವಿಗೂ ಬಿಡುವು ಕೊಡಬೇಕು ಎಂಬುದು ನಮ್ಮ ಹಿರಿಯರ ಮಾತು. ಸೆಲೆ ತನ್ನ ಪಾಡಿಗೆ ತಾನು ತುಂಬಿಕೊಳ್ಳಲಿ ಎಂಬ ಉದ್ದೇಶ. ನಮ್ಮ ಓಣಿಯ ಮುಸರತಳ ಮನೆಯವರು ಮುಸ್ಲಿಮರು, ಅಮಾವಾಸ್ಯೆ ಆಚರಿಸುವವರಲ್ಲ, ಆದರೂ ಅಂದು ಅವರ ಕೊಡವೂ ಇಳಿಯುವುದಿಲ್ಲ. ಬೇಸಿಗೆ ಎಷ್ಟೇ ಕೆಟ್ಟದಿರಲಿ, ಮದುವೆ ಮನೆಯಲ್ಲಿ ಎಷ್ಟೇ ಜನ ಬಂದಿರಲಿ, ಈ ಕಟ್ಟು ಮುರಿದದ್ದನ್ನು ನಾನು ನೋಡಿಲ್ಲ.

ಒಂದು ದಿನ ಬಳಸದೆ ಬಿಡುವುದನ್ನು ನಿಮ್ಮ ಭಾಷಣದಲ್ಲಿ ಏನೆಂದು ಕರೆದಿರಿ? "ಸಂಪನ್ಮೂಲಗಳ ಮೇಲಿನ ಒತ್ತಡ ತಗ್ಗಿಸುವುದು" ಎಂದಿರಿ ಅಲ್ಲವೇ? ಶಾಮಿಯಾನದ ಕೆಳಗೆ ನೀವು ನಮಗೆ ಬೋಧಿಸಿದ ಧರ್ಮವನ್ನು ನಾವು ತಲೆಮಾರುಗಳಿಂದ ತಿಂಗಳು ತಿಂಗಳು ಮಾಡುತ್ತಿದ್ದೇವೆ. ನಾವು ಅದನ್ನು ಮಾಡುತ್ತಿರುವಾಗಲೇ ನಿಮ್ಮವರು ಬಂದು ನೋಡಿ, ಇಲ್ಲಿ ಯಾರಿಗೂ ನೀರು ಬೇಡ ಎಂದು ಬರೆದುಕೊಂಡು ಹೋದರು. ನಾವು ಹಗಲಿರುಳು ಬಾವಿಯನ್ನು ಬಗ್ಗಡವೆಬ್ಬಿಸಿ ಸೇದುತ್ತಿದ್ದರೆ, ಕಟ್ಟೆಯ ಮೇಲೆ ಜಡೆ ಹಿಡಿದು ಜಗಳಾಡುತ್ತಿದ್ದರೆ, ಬಾವಿ ನಮ್ಮದಾಗಿ ಉಳಿಯುತ್ತಿತ್ತು. ಮಿತವಾಗಿ ನಡೆದುಕೊಂಡದ್ದು ತಪ್ಪಾಯಿತು. ಒಂದು ಮಾತು ಕೇಳುತ್ತೇನೆ: ಭಾನುವಾರ ನಿಮ್ಮ ಕಚೇರಿಗೆ ಯಾರಾದರೂ ಬಂದು, ಬಾಗಿಲು ಹಾಕಿರುವುದನ್ನು ನೋಡಿ, "ಬಳಕೆಯಲ್ಲಿಲ್ಲದ ಕಚೇರಿ" ಎಂದು ಬರೆದುಕೊಂಡು ಹೋದರೆ ಒಪ್ಪುತ್ತೀರಾ? ನಮ್ಮಲ್ಲಿ ಕೆಲವರು ಒಪ್ಪುತ್ತಾರೆ, ಅದೂ ಸೋಮವಾರ ಬಂದು ನೋಡಿದವರು.

ಬೇರೆ ನೀರೇ ಇಲ್ಲ ಎನ್ನಬೇಡಿ. ಊರ ಹಿಂದೆ ಹಳೆಯ ಕಲ್ಲುಗಣಿಯ ಹೊಂಡವಿದೆ. ಕಲ್ಲು ತೆಗೆದು ಬಿಟ್ಟುಹೋದ ಮೇಲೆ ಮಳೆನೀರು ತುಂಬಿ ಕೆರೆಯಂತಾಗಿದೆ. ಬೇಸಿಗೆಯಲ್ಲೂ ಬತ್ತುವುದಿಲ್ಲ. ಕುಡಿಯಲು ಬಾರದು, ಬೇಳೆಗಂತೂ ಬಾರದು, ಧೂಳಿಗೆ ಧಾರಾಳವಾಗಿ ಆದೀತು. ಶಹಾಬಾದಿನಿಂದ ಚಿತ್ತಾಪುರದವರೆಗೆ ಇಂಥ ಹೊಂಡಗಳಿಗೆ ಲೆಕ್ಕವೇ ಇಲ್ಲ. ಧೂಳಿಗೆ ಸಿಹಿನೀರೇ ಆಗಬೇಕೆಂಬ ನಿಯಮವಿದೆಯೇ? ಸವುಳು ನೀರು ಹೊಡೆದರೆ ಧೂಳು ಮುಖ ಸಿಂಡರಿಸಿಕೊಂಡು ಮತ್ತೆ ಏಳುತ್ತದೆಯೇ? ಇದನ್ನು ನಾನು ಕಚೇರಿಗೇ ಬಂದು ಹೇಳಿದ್ದಕ್ಕೆ ನಿಮ್ಮವರು, ಗಣಿಯ ಹೊಂಡ ಸ್ವಲ್ಪ ದೂರ, ದಾರಿ ಸರಿಯಿಲ್ಲ, ಹೋಗಿಬಂದರೆ ಡೀಸೆಲ್ ಹೆಚ್ಚು, ಅದು ಪರಿಸರ ನಿರ್ವಹಣಾ ಯೋಜನೆಗೆ ವಿರುದ್ಧ ಎಂದರು. ಬಾವಿಯ ನೀರು ಸಾಲದಾದ ಮೇಲೆ ನಾನು ಸವುಳು ನೀರಿನಲ್ಲಿ ಬೇಳೆ ಬೇಯಿಸಲು ಅರ್ಧ ದಿನ ಗ್ಯಾಸ್ ಉರಿಸುತ್ತೇನೆ. ಮನೆಮನೆಯಲ್ಲೂ ಕಟ್ಟಿಗೆ ಉರಿಯುತ್ತದೆ. ಆ ಹೊಗೆ ನಿಮ್ಮ ಹೆಜ್ಜೆಗುರುತಿನಲ್ಲಿ ಸೇರುವುದಿಲ್ಲವೋ? ಅಥವಾ ಹೆಂಗಸರ ಒಲೆಯ ಹೊಗೆ ಯಾವ ಇಂಗಾಲವೂ ಇಲ್ಲದೆ ಮೇಲೆ ಹೋಗುತ್ತದೆಯೋ?

ಬೇಳೆ ಕೆಟ್ಟದ್ದನ್ನು ಮೊದಲು ಪತ್ತೆ ಹಚ್ಚಿದವರು ನಿಮ್ಮವರೇ. ಒಂದು ಮಧ್ಯಾಹ್ನ ನಿಮ್ಮ ಮಂದಿ ಸಾಲಾಗಿ ಕೂತಿದ್ದರು. ಒಬ್ಬರು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು.

"ಏನ್ರಿ ಅಕ್ಕೋರೆ, ಬ್ಯಾಳಿ ಹಲ್ಲಿಗಿ ಕಟುಮ್ ಅನ್ಲಿಕತ್ತದ? ಮೊದಲ ಭಾಳ ಛಲೋ ಮಾಡ್ತಿದ್ರಿ."

ನಾನು ಬಾಯಿ ತೆರೆಯುವ ಮೊದಲೇ ಬಸ್ಸಮ್ಮ ಒಲೆಯ ಮುಂದಿನಿಂದ ಅಂದಳು: "ಮೆತ್ತನ ಬ್ಯಾಳಿ ರೋಡಿನ ಮ್ಯಾಲ ಹಾಕ್ಯಾರ್ರಿ ಸಾಹೇಬರ, ಹೋಗಿ ಉಣ್ರಿ."

ಎಲ್ಲರೂ ನಕ್ಕರು. ನಮ್ಮ ಎಂಜಿನಿಯರು ಮಾತ್ರ ನಗಲಿಲ್ಲ, ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಆ ದಿನದಿಂದ ಅವರು ಡಬ್ಬಿ ತರಿಸಿಕೊಂಡು ಬೇರೆಡೆ ಉಣ್ಣುತ್ತಾರೆ. ಕಂಡಕ್ಟರುಗಳೂ ಒಬ್ಬೊಬ್ಬರಾಗಿ ಸೇಡಂ ಸ್ಟ್ಯಾಂಡಿನ ಹೋಟೆಲ್ ಹಿಡಿದಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಬೇಯದ ಬೇಳೆಯನ್ನು ನಾನಾದರೂ ಎಷ್ಟು ದಿನ ಉಣ್ಣಲಿ?

ಇಲ್ಲಿಯವರೆಗಿನದನ್ನು ತಮಾಷೆ ಎಂದು ಓದಿಕೊಂಡಿದ್ದರೆ ಅಡ್ಡಿಯಿಲ್ಲ. ಮುಂದಿನದು ತಮಾಷೆಯಲ್ಲ. ಮೊದಲು ನಮ್ಮ ಬಾವಿಯಲ್ಲಿ ನೀರು ಮೇಲಿನ ಮೆಟ್ಟಿಲುಗಳಲ್ಲೇ ಸಿಗುತ್ತಿತ್ತು, ಹಗ್ಗ ಹಾಕುವವರಿಗೂ ಸುಲಭ, ಇಳಿದು ತುಂಬುವವರಿಗೂ ಸುಲಭ. ನಿಮ್ಮ ಟ್ಯಾಂಕರ್ ದಿನಾ ಬರತೊಡಗಿದ ಮೇಲೆ ನೀರು ಇಳಿಯುತ್ತ ಹೋಯಿತು. ಹಗ್ಗ ಸಾಲದಾಯಿತು. ಎಷ್ಟೋ ವರ್ಷ ನೀರಿನೊಳಗೇ ಇದ್ದ ಮೆಟ್ಟಿಲುಗಳು ಪಾಚಿ ಹೊದ್ದುಕೊಂಡು ಮೇಲೆದ್ದವು. ಬಸ್ಸಮ್ಮನ ಮಗಳು ಸುಶ್ಮಿತಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬಾಣಂತಿಗೆ ಬೇಳೆಯ ಕಟ್ಟು ಮಾಡಿಕೊಡಬೇಕೆಂದು ಬಸ್ಸಮ್ಮ ತಳದವರೆಗೆ ಇಳಿದು, ಬಟ್ಟಲಿನಿಂದ ಮೊಗೆದು ಕೊಡ ತುಂಬಿಸಿಕೊಂಡು ಮೇಲೇರುವಾಗ ಕಾಲು ಜಾರಿತು. ಕೊಡ ಒಡೆದ ಸದ್ದಿಗೆ ನಾವು ಓಡಿ ಹೋದೆವು. ಬಲಗೈ ಮುರಿದು, ಮೂಳೆ ಚರ್ಮದೊಳಗೆ ಅಡ್ಡ ನಿಂತಿತ್ತು. ಆ ನೋವಿನಲ್ಲೂ ಅವಳು "ನೀರು ಚೆಲ್ತಲ್ಲವ್ವಾ" ಎಂದು ಒಂದೇ ಸಮನೆ ಅನ್ನುತ್ತಿದ್ದಳು. ಆ ಬಲಗೈಯಿಂದಲೇ ಅವಳು ರೊಟ್ಟಿ ಬಡಿಯುತ್ತಿದ್ದದ್ದು. ವೈದ್ಯರು ಕೂಡಿಸಿದ್ದಾರೆ, ಆದರೆ ಮೊದಲಿನ ಹಾಗೆ ರೊಟ್ಟಿ ಬಡಿಯಲು ಆಗುತ್ತದೆಯೋ ಇಲ್ಲವೋ ಹೇಳಲಾರೆವು ಎಂದಿದ್ದಾರೆ. ಆ ದಿನ ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈ ಸಂಗತಿ ತಿಳಿದು ನಿಮ್ಮ ಕಚೇರಿ ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಲೇಬೇಕು. ವಾರದೊಳಗೆ ಬಾವಿಯ ಸುತ್ತ ತಂತಿ ಬೇಲಿ ಬಂತು. "ಎಚ್ಚರಿಕೆ, ಆಳವಾದ ಬಾವಿ" ಎಂಬ ಫಲಕ ಬಂತು, ಬಾವಿ ಆಳವಾದದ್ದು ಯಾರಿಂದ ಎಂಬ ಮಾತು ಅದರಲ್ಲಿಲ್ಲ. ಬೇಲಿಗೆ ಎರಡು ಗೇಟು ಇಟ್ಟರು. ಅಗಲವಾದದ್ದು ಟ್ಯಾಂಕರಿನ ಪೈಪಿಗೆ, ಕಿರಿದಾದದ್ದು ನಮಗೆ. ಕಿರಿದಾದದ್ದರಲ್ಲಿ ಸೊಂಟದ ಮೇಲೆ ಕೊಡ ಇಟ್ಟುಕೊಂಡವಳು ಹೊರಬರಲಾರಳು. ಕಡಿದ ಮರಗಳಿಗೆ ಬದಲಾಗಿ ಬೇಲಿಯುದ್ದಕ್ಕೂ ಸಸಿಗಳನ್ನೂ ನೆಟ್ಟಿದ್ದೀರಿ. ಅವುಗಳಿಗೆ ನೀರು ಎಲ್ಲಿಂದ ಎಂದು ಓದುಗರು ಊಹಿಸಬಹುದು.

ಈ ಇಡೀ ವ್ಯವಹಾರದಲ್ಲಿ ಪರಿಸರದ ದುಷ್ಪರಿಣಾಮ ತಗ್ಗಿಸಲು ನಿಜವಾಗಿ ಏನಾದರೂ ಮಾಡಿದವನು ಒಬ್ಬನೇ, ಶಹಾಬುದ್ದೀನ. ಅವನ ಹೆಸರನ್ನು ಧಾರಾಳವಾಗಿ ಬರೆಯುತ್ತೇನೆ, ಹೋಗುವುದಕ್ಕೆ ಅವನ ಬಳಿ ಈಗ ನೌಕರಿಯಿಲ್ಲ. ಬಸ್ಸಮ್ಮ ಬಿದ್ದ ಮರುದಿನದಿಂದ ಅವನು ಬಾವಿಗೆ ಪೈಪು ಇಳಿಸಲಿಲ್ಲ. ಯಾರಿಗೂ ಹೇಳದೆ, ಯಾರನ್ನೂ ಕೇಳದೆ, ಗಣಿಯ ಹೊಂಡದಿಂದ ನೀರು ತಂದು ಹೊಡೆದ. ಧೂಳು ಮೊದಲಿನಷ್ಟೇ ಚೆನ್ನಾಗಿ ಅಡಗಿತು. ಬಾವಿಯಲ್ಲಿ ಒಂದೆರಡು ಮೆಟ್ಟಿಲು ನೀರು ಏರಿತು, ನಾನು ಕಣ್ಣಾರೆ ನೋಡಿದೆ, ಬೇಳೆ ಬೆಂದಿತು. ತಿಂಗಳ ಕೊನೆಗೆ ಡೀಸೆಲ್ ಹೆಚ್ಚಾದದ್ದು ನಿಮ್ಮ ಕಣ್ಣಿಗೆ ಬಿತ್ತು. ನಿಗದಿಗಿಂತ ಹೆಚ್ಚು ಇಂಧನ ಉರಿಸಿ ಯೋಜನೆಯ ಹಸಿರು ಗುರಿಗೆ ಧಕ್ಕೆ ತಂದ ಕಾರಣಕ್ಕೆ ಅವನನ್ನು ತೆಗೆದರು. ಹೋಗುವ ಮೊದಲು ಖಾನಾವಳಿಗೆ ಬಂದು ಬಸ್ಸಮ್ಮನ ಮುಂದೆ ಕೂತ.

"ನಂದೇನ್ ಇಲ್ಲವ್ವಾ, ಬ್ಯಾರೆ ಗಾಡಿ ಸಿಗ್ತದ. ನಿಮ್ಮ ಕೈ ಹ್ಯಾಂಗದ?"

"ಕೈ ಇರ್ಲಿ. ನಿನ್ನ ಗಾಡಿಗಿ ಕಾಯಿ ಒಡದಿದ್ದು ದಂಡ ಆಗಲಿಲ್ಲ ಬಿಡಪಾ" ಎಂದಳು ಅವಳು. ಅವನು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡ.

ಈಗ ಹೊಸ ಚಾಲಕ, ಹೊಸ ಟ್ಯಾಂಕರ್, ಹೆಚ್ಚು ಬಲದ ಪಂಪು. ಬೇಸಿಗೆ ಹತ್ತಿರ ಬಂದಿದೆ. ಹಳ್ಳದ ಸೇತುವೆಯ ಕಾಂಕ್ರೀಟ್ ಹಾಕುವುದು ಈ ಸೋಮವಾರ ಶುರುವಂತೆ. ಕಾಂಕ್ರೀಟ್ ಬಿರುಕು ಬಿಡದಂತೆ ವಾರಗಟ್ಟಲೆ ಹಗಲೂ ರಾತ್ರಿ ನೆನೆಸಿಡಬೇಕು, ಅದಕ್ಕೂ ಬ್ಯಾಳಿ ಬಾವಿಯನ್ನೇ ಗೊತ್ತು ಮಾಡಿದ್ದೀರಿ ಎಂದು ನಿಮ್ಮವರೇ ಹೇಳಿದ್ದಾರೆ. ಕಾಂಕ್ರೀಟಿಗೆ ಒಳ್ಳೆಯ ನೀರೇ ಬೇಕು, ಗಣಿಯ ನೀರು ನಡೆಯದು ಎಂದು ವಾದಿಸುತ್ತೀರಿ ಎಂಬುದೂ ಗೊತ್ತು. ಹಾಗಿದ್ದರೆ ಅನುಮತಿ ಪಡೆದು ನದಿಯಿಂದ ತನ್ನಿ, ಇಲ್ಲವೇ ನೀರಿರುವ ಕಡೆಯಿಂದ ಟ್ಯಾಂಕರಿನಲ್ಲಿ ತರಿಸಿ. ಟ್ಯಾಂಕರ್ ಎಂಬ ವಾಹನದಲ್ಲಿ ನೀರು ತರಬಹುದು ಎಂಬ ಹಳೆಯ ನಂಬಿಕೆಯನ್ನು ಒಮ್ಮೆ ಪರೀಕ್ಷಿಸಿ ನೋಡಿ. ಈ ಬೇಸಿಗೆ ಪೂರ್ತಿ ಅದೇ ಪಂಪು ಓಡಿದರೆ ಬಾವಿಯ ತಳದ ಸೆಲೆಗೆ ಹೂಳು ಸೇರಿ ಬಾಯಿ ಕಟ್ಟುತ್ತದೆ ಎಂದು ಊರ ಹಿರಿಯರು ಹೆದರಿದ್ದಾರೆ. ಕಟ್ಟಿದ ಸೆಲೆ ಬಿಡಿಸುವ ವಿದ್ಯೆ ನಮಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಆದ್ದರಿಂದ ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಸೋಮವಾರಕ್ಕೆ ಮೊದಲು ಬಾವಿಯಿಂದ ಪೈಪು ತೆಗೆಸಿ, ಮತ್ತೆ ಇಳಿಸಬೇಡಿ. ಧೂಳಿಗೆ ಗಣಿಯ ನೀರು ಬಳಸಿ. ಶಹಾಬುದ್ದೀನನನ್ನು ಮರಳಿ ಕರೆಯಿರಿ, ಅವನ ಹೆಚ್ಚಿನ ಡೀಸೆಲ್ಲನ್ನು ನಿಮ್ಮ ಯೋಜನೆಯ ಒಂದೇ ಒಂದು ಸತ್ಯವಾದ ಪರಿಸರ ವೆಚ್ಚವೆಂದು ಬರೆದುಕೊಳ್ಳಿ. ಬಸ್ಸಮ್ಮನ ಮುರಿದ ಕೈಗೆ ಏನು ಕೊಡುತ್ತೀರೋ ಅದನ್ನು ನಾನು ಹೇಳಲಾರೆ. ಅವಳೆದುರು ಕೂತು, ಅವಳ ಮುಖ ನೋಡಿ, ನೀವೇ ಹೇಳಬೇಕು.

ಇದಾಗದಿದ್ದರೆ ಸೋಮವಾರ ಬೆಳಗ್ಗೆ ನಾವು ಹೆಂಗಸರೆಲ್ಲ ಬಾವಿಗೆ ಇಳಿದು ಮೆಟ್ಟಿಲ ಮೇಲೆ ಕೂರುತ್ತೇವೆ. ನೀರಿನ ಅಂಚಿನ ಮೆಟ್ಟಿಲು ತನ್ನದೆಂದು ಬಸ್ಸಮ್ಮ ಈಗಲೇ ಹೇಳಿಟ್ಟಿದ್ದಾಳೆ. ಜಾರುತ್ತದೆ, ಬೇಡ ಎಂದರೆ ಕೇಳುವುದಿಲ್ಲ. "ಇನ್ನೊಂದು ಕೈ ಅದಲ್ಲ, ಹಿಡ್ಕೊಂಡ್ ಕುಂದ್ರತೀನಿ" ಎನ್ನುತ್ತಾಳೆ. ಪೈಪು ತಳ ಮುಟ್ಟಬೇಕಾದರೆ ನಮ್ಮೆಲ್ಲರ ಮಡಿಲ ಮೇಲಿಂದ ಇಳಿಯಬೇಕು. ನಮ್ಮನ್ನು ಎಬ್ಬಿಸಲು ಆ ಹೊಸ ಚಾಲಕನನ್ನು ಕಳಿಸಬೇಡಿ, ಅವನೂ ಯಾವುದೋ ಊರಿನ ಬಾವಿಯ ನೀರು ಕುಡಿದು ಬೆಳೆದವನು, ಅವನ ಕೈಲಿ ಆಗುವುದಿಲ್ಲ. ನೀವೇ ಬನ್ನಿ. ಬಂದು ಮೇಲಿನ ಮೆಟ್ಟಿಲಲ್ಲಿ ನಿಂತು, ಕೆಳಗೆ ಕೂತಿರುವ ಬಸ್ಸಮ್ಮನಿಗೆ ಕೇಳಿಸುವಂತೆ, ಈ ಬಾವಿ ಯಾರಿಗೂ ಬೇಡ ಎಂದು ಒಂದು ಸಲ ಗಟ್ಟಿಯಾಗಿ ಹೇಳಿ.

ಇಂತಿ,
ನಿಮ್ಮ ಯೋಜನೆಯಿಂದ ಯಾವ ಪರಿಣಾಮಕ್ಕೂ ಒಳಗಾಗಿಲ್ಲವೆಂದು ದಾಖಲಾಗಿರುವ,
ಗುರುದೇವಿ
ಖಾನಾವಳಿಯವಳು, ಸದ್ಯಕ್ಕೆ ಬೇಳೆಯಿಲ್ಲದೆ